ಕೊನೆಯ ಚರಣದ ಶ್ರುತಿ

ಶನಿವಾರ ಮಲಗಿ, ಭಾನುವಾರ ಎದ್ದು ಬರೆದದ್ದು

ಪ್ರೀತಿಯ ಅಕ್ಕಾ,

ರಾತ್ರಿ ಒಂದೂಕಾಲಕ್ಕೆ ಎಚ್ಚರವಾಯಿತು. ಯಾರೋ ಗುನುಗುತ್ತಿದ್ದರು. ಮೊದಲು ಪಕ್ಕದ ಮನೆಯ ರೇಡಿಯೋ ಅಂದುಕೊಂಡೆ. ಆಮೇಲೆ ಮಗುವಿನ ಉಸಿರಿನಲ್ಲೇ ಏನೋ ಹೆಚ್ಚುಕಡಿಮೆಯಾಗಿದೆ ಅನ್ನಿಸಿತು. ತೊಟ್ಟಿಲಿಗೆ ಬಾಗಿ ಮೂಗಿನ ಹತ್ತಿರ ಬೆರಳಿಟ್ಟೆ. ಉಸಿರು ಬೆಚ್ಚಗೆ ಬರುತ್ತಿತ್ತು. ಗುನುಗು ಮಾತ್ರ ನಿಂತಿತ್ತು. ನಿಂತ ಮೇಲೆ ಗೊತ್ತಾಯಿತು, ಗುನುಗುತ್ತಿದ್ದವಳು ನಾನೇ. ನಿದ್ದೆಗಣ್ಣಿನಲ್ಲಿ. ಅದೂ ಆ ಕೀರ್ತನೆಯನ್ನು.

ಯಾವುದೆಂದು ನಿನಗೆ ಹೇಳಬೇಕಾಗಿಲ್ಲ. ಅಮ್ಮ ಪಾತ್ರೆ ತೊಳೆಯುವಾಗ, ಬಟ್ಟೆ ಹಿಂಡುವಾಗ, ನಮ್ಮಿಬ್ಬರ ತಲೆಯನ್ನು ಮಂಡಿಯ ನಡುವೆ ಸಿಕ್ಕಿಸಿಕೊಂಡು ಜಡೆ ಹೆಣೆಯುವಾಗ ಹಾಡುತ್ತಿದ್ದದ್ದು. ನಾವು ಅದಕ್ಕೆ ಹತ್ತಿರದ ಹಾಡು ಎಂದು ಹೆಸರಿಟ್ಟಿದ್ದೆವು. ಅದರಲ್ಲಿರುವುದು ಒಂದೇ ಬೇಡಿಕೆ ತಾನೆ: ದೇವರ ಹತ್ತಿರ ಬರಬೇಕು, ದಾರಿ ಎಂಥದ್ದಾದರೂ ಸರಿ.

ಫೋನ್ ಮಾಡಬಾರದಿತ್ತೇ ಎನ್ನುತ್ತೀಯ. ರಾತ್ರಿ ಪಾಳಿಯಲ್ಲಿ ನಿನ್ನ ಫೋನ್ ಲಾಕರಿನೊಳಗೆ ಬೀಗ ಹಾಕಿಸಿಕೊಂಡು ಮಲಗಿರುತ್ತದೆ. ವಾರ್ಡಿನ ಫೋನಿಗೆ ಮಾಡಿದರೆ ನಿಮ್ಮ ಮೇಲಿನ ಸಿಸ್ಟರ್ ಯಾರು ಸತ್ತರು ಎಂದು ಕೇಳುತ್ತಾರೆ. ಇವರು ಮೂರು ಗಂಟೆಗೆ ಬ್ರೆಡ್ಡಿನ ವ್ಯಾನ್ ತೆಗೆಯುತ್ತಾರಲ್ಲ, ಮೊದಲ ಟ್ರೇ ನಿಮ್ಮ ಆಸ್ಪತ್ರೆಯ ಕ್ಯಾಂಟೀನಿಗೇ. ಈಗಷ್ಟೇ ಎದ್ದು ನೀರು ಕುಡಿದರು. ಏನೇ ಬರೀತಿದೀಯ ಅಂದರು. ಅಕ್ಕನಿಗೆ ಅಂದೆ. "ಓದಿದೋಳು ಅಂತ ಮದುವೆಯಾದ್ರೆ ನನ್ನನ್ನ ಅಂಚೆಯವನ್ನ ಮಾಡಿದೆ. ಇರಲಿ, ಬ್ರೆಡ್ ಜೊತೆ ಅದನ್ನೂ ಬಿಸಿ ಇರೋವಾಗಲೇ ಮುಟ್ಟಿಸ್ತೀನಿ" ಅಂತ ಹೇಳಿ ಮತ್ತೆ ಮಗ್ಗುಲಾದರು. ನಿನ್ನ ಕೈಗೇ ಕೊಡಬೇಕು, ಮನೆಯ ಬಾಗಿಲಡಿ ತೂರಿಸಬಾರದು ಎಂದು ಎರಡೆರಡು ಸಲ ಹೇಳಿದೆ. ನಿನ್ನ ಮನೆಯಲ್ಲಿ ಮೊದಲು ಏಳುವವರು ನಿನ್ನ ಅತ್ತೆ ಎಂದು ಚರ್ಚಿನ ಸಭೆಗೆಲ್ಲ ಗೊತ್ತು.

ವಿಷಯಕ್ಕೆ ಬರುತ್ತೇನೆ. ಇವತ್ತು ಬೆಳಗಿನ ಆರಾಧನೆಯಲ್ಲಿ ನಿನ್ನ ಅತ್ತೆಗೆ ಬೀಳ್ಕೊಡುಗೆ. ಇಷ್ಟು ವರ್ಷ ಗಾಯನ ಮಂಡಳಿ ನಡೆಸಿದ್ದಕ್ಕೆ ಶಾಲು, ಹೂಗುಚ್ಛ, ಸಭಾಪಾಲಕರ ಬಾಯಿತುಂಬ ಹೊಗಳಿಕೆ. ಎಲ್ಲ ಮುಗಿದ ಮೇಲೆ ಅವರು ಒಬ್ಬರೇ ನಿಂತು ಹತ್ತಿರದ ಹಾಡನ್ನು ಹಾಡುತ್ತಾರೆ. ಆರ್ಗನ್ ನುಡಿಸುವವಳು ನಾನು.

ನಾನು ಅವರ ಸ್ವರ ಮುರಿಯುತ್ತೇನೆ ಅಕ್ಕಾ. ಎಲ್ಲರ ಮುಂದೆ.

ಹೇಗೆಂದು ಕೇಳು. ಆರ್ಗನ್ನಿನ ಕಪ್ಪು ಬಿಳಿ ಮನೆಗಳಲ್ಲಿ ಎರಡು ಮನೆ ಕೆಳಗಿನ ಶ್ರುತಿಯಲ್ಲಿ ನುಡಿಸು ಎಂದು ಅವರೇ ಕೇಳಿಕೊಂಡಿದ್ದಾರೆ. ನುಡಿಸುತ್ತೇನೆ. ಮೊದಲೆರಡು ಚರಣ ಹಂಸದ ಹಾಗೆ ತೇಲಲಿ. ಕೊನೆಯ ಚರಣಕ್ಕೆ ಮುಂಚೆ ಆರ್ಗನ್ ಒಂದೇ ನುಡಿಸುವ ಸಣ್ಣ ತುಣುಕಿದೆಯಲ್ಲ, ಅಲ್ಲಿ ನಾನು ಏರುತ್ತೇನೆ. ಕೊನೆಯ ಚರಣವನ್ನು ಒಂದು ಮನೆ ಏರಿಸುವುದು ನಮ್ಮ ಸಭೆಯ ರೂಢಿಯೇ ಆದ್ದರಿಂದ ಕೂತವರು ಯಾರೂ ತಲೆಯೆತ್ತುವುದಿಲ್ಲ. ನಾನು ಏರುವುದು ಒಂದು ಮನೆಯಲ್ಲ, ನಾಲ್ಕು. ಅವರಿಗೆ ಅದು ತಿಳಿಯುವ ಹೊತ್ತಿಗೆ ಬಾಯಿ ತೆರೆದಾಗಿರುತ್ತದೆ. ಮೂರನೆಯ ಸಾಲು ಮೇಲಕ್ಕೆ ಹತ್ತುವ ಜಾಗದಲ್ಲಿ ಆ ಗಂಟಲು ಒಣಕಡ್ಡಿಯ ಹಾಗೆ ಲಟ್ಟೆನ್ನುತ್ತದೆ. ನಾನು ನಿಲ್ಲಿಸುವುದಿಲ್ಲ. ಆಮೆನ್‌ವರೆಗೂ ನುಡಿಸುತ್ತೇನೆ.

ಅಮ್ಮನಿಗಾದದ್ದು ಇದೇ. ನೀನು ಆಗ ನರ್ಸಿಂಗ್ ಹಾಸ್ಟೆಲಿನಲ್ಲಿದ್ದೆ, ಕಣ್ಣಾರೆ ಕಂಡವಳು ನಾನು. ಸಭೆಯ ವಾರ್ಷಿಕ ಆರಾಧನೆಯಲ್ಲಿ ಇದೇ ಹಾಡನ್ನು ಅಮ್ಮ ಒಬ್ಬಳೇ ಹಾಡುವುದಿತ್ತು. ಅಮ್ಮ ಲಾಂಡ್ರಿಯಲ್ಲಿ ಅರ್ಧ ದಿನದ ರಜೆ ಕೇಳಿ, ಹಿಂದಿನ ಸಂಜೆ ತನ್ನದೊಂದು ಸೀರೆಗೆ ಊರ ಜನರ ಬಟ್ಟೆಗೆ ಹಾಕುವಷ್ಟೇ ಶ್ರದ್ಧೆಯಿಂದ ಇಸ್ತ್ರಿ ಹಾಕಿಕೊಂಡಿದ್ದಳು. ನಿನ್ನ ಅತ್ತೆ ಆರ್ಗನ್ ಮುಂದೆ ಕೂತಿದ್ದರು. ಎರಡು ಚರಣ ಅಮ್ಮ ಹೇಗೆ ಹಾಡಿದಳೆಂದರೆ, ಮಂಡಳಿಯ ಬೀಗ ರಿಪೇರಿ ಅಂಕಲ್ ಬಾಯಿಬಿಟ್ಟುಕೊಂಡು ನಿಂತಿದ್ದರು. ಕೊನೆಯ ಚರಣಕ್ಕೆ ಶ್ರುತಿ ಏರಿತು, ಏರಬೇಕಾದದ್ದಕ್ಕಿಂತ ಬಹಳ ಮೇಲೆ. ಅಮ್ಮ ಒಮ್ಮೆ ಆರ್ಗನ್ ಕಡೆ ನೋಡಿದಳು. ನಿನ್ನ ಅತ್ತೆ ಪುಸ್ತಕ ನೋಡುತ್ತಿದ್ದರು. ಅಮ್ಮ ಹತ್ತಿದಳು, ಮೂರನೆಯ ಸಾಲಿನಲ್ಲಿ ಸ್ವರ ಒಡೆಯಿತು. ಕಾಲಿನ ಕೆಳಗೆ ಏನೋ ಸಿಕ್ಕಿಬಿದ್ದು ಚೀರಿದಂಥ ಒಂದು ಸದ್ದು. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಪಾಲಕರು ಕನ್ನಡಕ ಒರೆಸಿಕೊಂಡರು. ಉಳಿದ ಸಾಲುಗಳನ್ನು ಅಮ್ಮ ಹಾಡಲಿಲ್ಲ, ಓದಿದಳು. ಬರಿಯ ಮಾತಿನಲ್ಲಿ, ಮೆಲ್ಲಗೆ, ಕೊನೆಯ ಅಕ್ಷರದವರೆಗೆ.

ಆಮೇಲೆ ಅವಳು ಗುನುಗಿದ್ದನ್ನು ನೀನು ಕೇಳಿದ್ದೀಯಾ? ನಾನಂತೂ ಕೇಳಿಲ್ಲ. ಪಾತ್ರೆಗಳದ್ದೇ ಸದ್ದು. ಮುಂದಿನ ಭಾನುವಾರದಿಂದ ಒಂಟಿ ಹಾಡೆಲ್ಲ ನಿನ್ನ ಅತ್ತೆಯ ಪಾಲಾಯಿತು. ನಿನಗೆ ಅವರ ಮನೆಯಿಂದಲೇ ಸಂಬಂಧ ಬಂದಾಗ ಅಮ್ಮ ಏನಂದಳು ನೆನಪಿದೆಯಲ್ಲ? "ಹುಡುಗ ಒಳ್ಳೆಯವನು. ಅತ್ತೆ ಜೊತೆ ಹಾಡೋಕೆ ಹೋಗಬೇಡ, ಅಷ್ಟೆ." ನೀನು ಹುಡುಗನನ್ನೂ ಮದುವೆಯಾದೆ, ಅತ್ತೆಯ ಪಕ್ಕ ನಿಂತು ಹಾಡಲಿಕ್ಕೂ ಹೋದೆ.

ಸೇಡನ್ನು ದೇವರಿಗೆ ಬಿಡಿ ಎಂದು ಪಾಲಕರು ಪ್ರಸಂಗ ಮಾಡುತ್ತಾರೆ. ಬಿಟ್ಟಿದ್ದೆ. ಶಾಲೆ, ಕಾಲೇಜು, ಮದುವೆ, ಬಸಿರು, ಅಷ್ಟು ಕಾಲ ಬಿಟ್ಟಿದ್ದೆ. ಆತ ಏನು ಮಾಡಿದ? ಅವರನ್ನು ಮಂಡಳಿಯ ಮುಖ್ಯಸ್ಥೆ ಮಾಡಿದ. ಹೋದ ವರ್ಷ ಅಮ್ಮನನ್ನು ಮಣ್ಣಿಗಿಡುವಾಗ ಅವರೇ ಮುಂದೆ ಬಂದು, ಆ ಹಸಿ ಮಣ್ಣಿನ ಅಂಚಿನಲ್ಲಿ ನಿಂತು, ಅಮ್ಮನ ಹಾಡನ್ನು ಅಮ್ಮನ ತಲೆಯ ಮೇಲೆ ಹಾಡಿದರು. ಚೆನ್ನಾಗಿ ಹಾಡಿದರು, ಅದೇ ನನಗೆ ತಡೆಯಲಾಗದ್ದು. ಎಲ್ಲರೂ ಕಣ್ಣೊರೆಸಿಕೊಂಡರು. ಎಂಥ ಪ್ರೀತಿ ನೋಡಿ ಎಂದರು ಪಾಲಕರು. ಗುಬ್ಬಿ ಆಗ ನನ್ನ ಹೊಟ್ಟೆಯಲ್ಲಿದ್ದಳು. ಅವಳು ಒದ್ದಳು. ಅವಳಿಗಾದರೂ ರೋಷವಿದೆ ಎಂದುಕೊಂಡೆ.

ನಿನ್ನದು ಯಾವಾಗಲೂ ಒಂದೇ ಪಲ್ಲವಿ. "ಬಿಟ್ಟುಬಿಡೆ, ಪಾಪ, ಕೈತಪ್ಪಿ ಆಗಿರತ್ತೆ." ಕೈತಪ್ಪಿ ಆಗುವುದಿಲ್ಲ ಅಕ್ಕಾ. ನೀನು ಆರ್ಗನ್ ಕಲಿತವಳಲ್ಲ, ಅದಕ್ಕೇ ನಿನಗೆ ಬಿಡಿಸಿ ಹೇಳುತ್ತೇನೆ. ಈಗಿನ ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಬೆರಳು ಹಳೆಯ ಮನೆಗಳ ಮೇಲೆಯೇ ಓಡುತ್ತದೆ, ಸ್ವರ ಮಾತ್ರ ಮೇಲೇರುತ್ತದೆ. ನಮ್ಮ ಸಭೆಯದು ಕಾಲಿನಿಂದ ಗಾಳಿ ತುಳಿಯುವ ಹಳೆಯ ಆರ್ಗನ್. ಅದಕ್ಕೆ ಗುಂಡಿಯಿಲ್ಲ. ಶ್ರುತಿ ಬದಲಾದರೆ ಹತ್ತು ಬೆರಳಿಗೂ ಹೊಸ ಜಾಗ, ಬಿಳಿ ಮನೆಯಿದ್ದಲ್ಲಿ ಕಪ್ಪು ಮನೆ. ಬರುವ ಹಾಡನ್ನೇ ಹೊಸದಾಗಿ ಕಲಿಯಬೇಕು, ವಾರಗಟ್ಟಲೆ. ಕೈತಪ್ಪಿದರೆ ಒಂದು ಮನೆ ತಪ್ಪೀತು. ಒಂದಿಡೀ ಚರಣವನ್ನು ಒಂದೂ ತಪ್ಪಿಲ್ಲದೆ ಬೇರೆ ಶ್ರುತಿಯಲ್ಲಿ ಕೈತಪ್ಪಿ ನುಡಿಸಿದವರನ್ನು ನಾನು ಕಂಡಿಲ್ಲ. ಅವರು ಕೂತು ಕಲಿತಿದ್ದರು. ಅಮ್ಮ ಲಾಂಡ್ರಿಯ ಹಬೆಯಲ್ಲಿ ನಿಂತಿದ್ದ ಹೊತ್ತಿನಲ್ಲಿ ಅವರು ಅವಳ ಗಂಟಲಿಗೆ ಉರುಳು ಹೆಣೆಯುತ್ತ ಕೂತಿದ್ದರು. ಇದೆಲ್ಲ ನಿನಗೆ ಗೊತ್ತಿರಲಿಕ್ಕಿಲ್ಲ.

ನಾನೂ ಹಾಗೇ ಕಲಿತೆ. ಇವರು ತಂದುಕೊಟ್ಟ ಹಳೆಯ ಕೀಬೋರ್ಡು ಅಡುಗೆಮನೆಯ ಮೇಜಿನ ಮೇಲೆ, ಕಿವಿಗೆ ಹೆಡ್‌ಫೋನು, ಬಾಟಲಿಗಳು ಒಲೆಯ ಮೇಲೆ ಕುದಿಯುತ್ತಿರುತ್ತವೆ. ಕೀಬೋರ್ಡಿನ ಗುಂಡಿಯನ್ನು ಮುಟ್ಟದೆ, ಬೆರಳಿಗೇ ಕಲಿಸಿದೆ. ಗುಬ್ಬಿಗೆ ಹಾಲು ಕೊಟ್ಟು ಮಲಗಿಸಿದ ಮೇಲೆ ನನಗೆ ನಿದ್ದೆ ಎಲ್ಲಿ ಬರುತ್ತದೆ? ಅವಳ ಉಸಿರು ಎಣಿಸುತ್ತ ಕೂರುವ ಬದಲು ಮನೆಗಳನ್ನು ಎಣಿಸಿದೆ. ಹೊರಗಿನಿಂದ ನೋಡಿದವರಿಗೆ ಹೆಂಗಸೊಬ್ಬಳು ಸದ್ದಿಲ್ಲದ ಮೇಜನ್ನು ಕುಟ್ಟುತ್ತಿರುವ ಹಾಗೆ ಕಾಣುತ್ತದಂತೆ. ಬಾಣಂತಿ ಸನ್ನಿ ಅಂದುಕೊಂಡಿದ್ದೆ ಎಂದು ಇವರು ಆಮೇಲೆ ಹೇಳಿದರು.

ಈಗ ಒಂದು ಮಾತು. ನಗಬೇಡ.

ಹೆರಿಗೆಯಾದಾಗಿನಿಂದ ನನಗೆ ಪ್ರಾರ್ಥನೆ ಮಾಡಲು ಬರುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ತೊಟ್ಟಿಲು ಖಾಲಿ ಕಾಣುತ್ತಿತ್ತು, ಬೆಚ್ಚಿ ಕಣ್ಣು ಬಿಡುತ್ತಿದ್ದೆ. ಆಮೆನ್ ಅನ್ನುವಷ್ಟು ಹೊತ್ತೂ ಕಣ್ಣು ಮುಚ್ಚಲು ಧೈರ್ಯವಿರಲಿಲ್ಲ. ಹಾಗಿರುವಾಗ ಒಂದು ರಾತ್ರಿ ಕೊನೆಯ ಚರಣ ನುಡಿಸುತ್ತಿದ್ದೇನೆ, ಮನಸ್ಸಿನಲ್ಲಿ ನಿನ್ನ ಅತ್ತೆಯ ಒಡೆದ ಸ್ವರವನ್ನು ಚಪ್ಪರಿಸುತ್ತಿದ್ದೇನೆ, ಅಷ್ಟರಲ್ಲಿ ನನ್ನ ಕುರ್ಚಿಯ ಹಿಂದೆ ಯಾರೋ ಬಂದು ನಿಂತ ಹಾಗಾಯಿತು. ದೆವ್ವಗಿವ್ವ ಅಲ್ಲ. ಒಲೆಯ ಮುಂದೆ ನಿಂತಾಗ ಅಮ್ಮ ಹಿಂದೆ ಬಂದರೆ ತಿರುಗಿ ನೋಡದೆಯೇ ತಿಳಿಯುತ್ತಿತ್ತಲ್ಲ, ಹಾಗೆ. ಆದರೆ ಅಮ್ಮನೂ ಅಲ್ಲ. ನನ್ನ ಭುಜ ಇಳಿಯಿತು. ಎಷ್ಟೋ ತಿಂಗಳಿಂದ ಕಿವಿಯವರೆಗೆ ಏರಿ ಕೂತಿದ್ದ ಭುಜ. ಅವತ್ತು ಬೆಳಗಿನವರೆಗೆ ಮಲಗಿದೆ. ಮಗುವಿನ ಮೂಗಿಗೆ ಬೆರಳಿಡದೆ ಮಲಗಿದ್ದು ಅದೇ ಮೊದಲು.

ಎದ್ದ ಮೇಲೆ ನನಗೆ ಬಂದದ್ದು ಕೋಪ. ಬೇಕಾದಾಗ ಬಾರದವನು ಈಗ ಬಂದದ್ದು ಯಾಕೆ? ಮರುದಿನ ಕೀಬೋರ್ಡಿನ ಮುಂದೆ ಕೂತಾಗ ಹೇಳಿಯೇ ಬಿಟ್ಟೆ: ಈಗ ಬೇಡ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಬಾ. ಅಲ್ಲಿಯವರೆಗೆ ನನ್ನ ಕೈಗೆ ಕೆಲಸವಿದೆ. ಕೇಳಲಿಲ್ಲ ಅಕ್ಕಾ. ಕೊನೆಯ ಚರಣಕ್ಕೆ ಬಂದಾಗಲೆಲ್ಲ ಬಂದು ನಿಲ್ಲುತ್ತಾನೆ. ಬೈಯುವುದಿಲ್ಲ, ಕೈ ಹಿಡಿಯುವುದಿಲ್ಲ, ಸುಮ್ಮನೆ ಹತ್ತಿರ ನಿಲ್ಲುತ್ತಾನೆ. ಒಂದು ಕಡೆ ಅವನನ್ನು ಕರೆಯುವ ಹಾಡನ್ನೇ ರಾತ್ರಿಯೆಲ್ಲ ಕುಟ್ಟುವುದು, ಇನ್ನೊಂದು ಕಡೆ ಬರಬೇಡ ಎನ್ನುವುದು. ಯಾವ ಮರ್ಯಾದಸ್ಥ ಈ ಮಾತನ್ನು ನಂಬುತ್ತಾನೆ? ಸೇಡಿಗಾಗಿ ಬೇರೆ ಯಾವ ಹಾಡಾದರೂ ಸಿಕ್ಕಿದ್ದರೆ ಇಷ್ಟು ತೊಂದರೆಯಿರಲಿಲ್ಲ.

ಗುರುವಾರ ನಿನ್ನ ಅತ್ತೆ ಅಭ್ಯಾಸಕ್ಕೆಂದು ನಮ್ಮ ಮನೆಗೆ ಬಂದಿದ್ದರು. ಮೂರು ಮಹಡಿ ಹತ್ತಿ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತಿದ್ದಾಗ ನಾನು ತಕ್ಷಣ ಕುರ್ಚಿ ಕೊಡಲಿಲ್ಲ. ಗುಬ್ಬಿ ಹೊಟ್ಟೆನೋವಿನಿಂದ ಕಿರುಚುತ್ತಿದ್ದಳು. ಅವರು ಕೇಳದೆಯೇ ಎತ್ತಿಕೊಂಡು, ಹೆಗಲಿಗೆ ಹಾಕಿ, ಬೆನ್ನು ತಟ್ಟುತ್ತ ಗುನುಗಿದರು. ಅವಳು ಸುಮ್ಮನಾದಳು. ನನಗೆ ಮಗುವನ್ನು ಕಿತ್ತುಕೊಳ್ಳುವಷ್ಟು ಉರಿಯಿತು. "ನಿನ್ನ ಮಗಳಿಗೆ ಶ್ರುತಿ ಹಿಡಿಯೋ ಕಿವಿ ಇದೆ ಕಣಮ್ಮ. ನಿಮ್ಮಮ್ಮನದೇ" ಅಂದರು. ಚಹಾ ಕೊಟ್ಟೆ, ಸಕ್ಕರೆ ಹಾಕುವುದನ್ನು ಬೇಕೆಂದೇ ಮರೆತೆ. ಅವರು ಕೊನೆಯ ಗುಟುಕಿನವರೆಗೂ ಕುಡಿದರು. ಆಮೇಲೆ, "ಎರಡು ಮನೆ ಇಳಿಸು. ನನ್ನ ಗಂಟಲು ಈಗ ಹಳೇ ಬಾಗಿಲು, ಜಾಸ್ತಿ ತೆಗೆದ್ರೆ ಕಿರ್ ಅನ್ನತ್ತೆ" ಅಂದರು. ನೀವು ಹೇಳಿದಷ್ಟು ಇಳಿಸ್ತೀನಿ ಆಂಟಿ ಅಂದೆ. ಇಷ್ಟೇ ನಡೆದದ್ದು.

ನಿನ್ನೆ ಸಂಜೆ ಮಂಡಳಿಯವರೆಲ್ಲ ಸೇರಿದ್ದಾಗಲೂ ಆ ಮಾತು ಬಂತು. "ಈ ಸಲ ಕೊನೇ ಚರಣ ಏರಿಸಬೇಡಮ್ಮ. ಊರಿನ ಎಲ್ಲಾ ಬೀಗ ತೆಗೀತೀನಿ, ಗಂಟಲಿಗೆ ಬೀಗ ಬಿದ್ರೆ ನನ್ ಹತ್ರ ಕೀಲಿ ಇಲ್ಲ" ಅಂದರು ಬೀಗ ರಿಪೇರಿ ಅಂಕಲ್. ಎಲ್ಲರೂ ನಕ್ಕರು. ನಿನ್ನ ಅತ್ತೆಯೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ನಿನಗೇನಾಗುತ್ತದೆಂದು ಯೋಚಿಸಿಲ್ಲ ಅಂದುಕೊಳ್ಳಬೇಡ. ಆರಾಧನೆ ಮುಗಿದ ಮೇಲೆ ಅವರ ಪಕ್ಕ ಕಾರಿನಲ್ಲಿ ಕೂತು ಹೋಗಬೇಕಾದವಳು ನೀನು. ಅವರ ಮನೆಯ ಉಪ್ಪು ತಿಂದವಳು, ಅವರ ಕಡೆಗೇ ಮಾತಾಡಬೇಕಾಗುತ್ತದೆ. ಭಾವ ಇವರ ಜೊತೆ ಮಾತು ಬಿಡಬಹುದು. ಗುಬ್ಬಿಯ ಮೊದಲ ಹುಟ್ಟುಹಬ್ಬಕ್ಕೆ ನೀವು ಬರದೆ ಹೋಗಬಹುದು. ಎಲ್ಲವನ್ನೂ ತೂಗಿ ನೋಡಿದ್ದೇನೆ. ತಕ್ಕಡಿಯ ಇನ್ನೊಂದು ಕಡೆ ಅಮ್ಮ ಓದಿ ಮುಗಿಸಿದ ಆ ಸಾಲುಗಳಿವೆ. ಅದೇ ಕೆಳಗಿಳಿಯುತ್ತದೆ.

ನನಗೆ ಅಂಜಿಕೆಯಿರುವುದು ಬೇರೆ ಕಡೆ. ಗುಬ್ಬಿ ಈ ಹಾಡಿಲ್ಲದೆ ಮಲಗುವುದಿಲ್ಲ. ಇಷ್ಟು ರಾತ್ರಿಗಳಲ್ಲಿ ಅವಳಿಗೂ ಅದು ಹಿಡಿದುಬಿಟ್ಟಿದೆ, ನನಗೂ ಅಷ್ಟೇ. ಇವತ್ತು ಆ ಮೂರನೆಯ ಸಾಲಿನಲ್ಲಿ ಅವರ ಸ್ವರ ಒಡೆದರೆ, ರಾತ್ರಿ ತೊಟ್ಟಿಲ ಪಕ್ಕ ನಾನು ಆ ಸಾಲಿಗೆ ಬಂದಾಗ ನನ್ನ ಕಿವಿಗೆ ಏನು ಕೇಳುತ್ತದೆ? ಅಮ್ಮನಿಂದ ಒಂದು ಹಾಡು ಹೋಯಿತು. ಅವರಿಂದ ಹೋಗಲಿ, ಹೋಗಲೇಬೇಕು. ನನ್ನಿಂದಲೂ ಹೋಗುತ್ತದೆ ಎಂದು ಬೆರಳಿಗೆ ಗೊತ್ತಾಗಿದೆ. ಹಿಂದೆ ಬಂದು ನಿಲ್ಲುವವನು ಮತ್ತೆ ಬರುತ್ತಾನೋ ಇಲ್ಲವೋ. ಬಾರದಿದ್ದರೆ ನಾನು ಮತ್ತೆ ಉಸಿರು ಎಣಿಸುತ್ತ ಕೂರಬೇಕು.

ಆದರೂ ಮಾಡುತ್ತೇನೆ. ನಿನಗೆ ಮೊದಲೇ ತಿಳಿಸದೆ ಮಾಡಿದರೆ ಅದು ಅವರು ಮಾಡಿದ ಹಾಗೇ ಆಗುತ್ತದೆ, ಅದಕ್ಕೆ ಬರೆದೆ. ಪಾಳಿ ಮುಗಿಸಿ ನೇರ ಆರಾಧನೆಗೆ ಬರುತ್ತೀಯಲ್ಲ, ಮುಖ ತೊಳೆದುಕೊಂಡು ಬಾ.

ನಿದ್ದೆಯಿಲ್ಲದ
ನಿನ್ನ ತಂಗಿ

ತಾ.ಕ.: ಇವರು ಎದ್ದು ಶೂ ಹುಡುಕುತ್ತಿದ್ದಾರೆ. ಬೇಗ ಬರೆಯುತ್ತೇನೆ. ಗುರುವಾರ ಇಷ್ಟೇ ನಡೆದದ್ದು ಎಂದು ಮೇಲೆ ಬರೆದದ್ದು ಸುಳ್ಳು.

ಮಗುವನ್ನು ಹೆಗಲ ಮೇಲಿಟ್ಟುಕೊಂಡು, ನನ್ನ ಕಡೆ ತಿರುಗದೆ, ಕಿಟಕಿ ನೋಡುತ್ತ ನಿನ್ನ ಅತ್ತೆ ಅಂದದ್ದು ಇದು: "ಅವತ್ತು ನಾನು ಬೇಕಂತಲೇ ಏರಿಸಿದ್ದು. ತಿಂಗಳುಗಟ್ಟಲೆ ಕೂತು ಕಲಿತಿದ್ದೆ. ನಿಮ್ಮಮ್ಮ ಹಾಡಿದ್ರೆ ಜನ ಕಣ್ಣು ಮುಚ್ಕೊಂಡು ಕೇಳ್ತಿದ್ರು, ನಾನು ಹಾಡಿದ್ರೆ ಗಡಿಯಾರ ನೋಡ್ತಿದ್ರು. ಅವಳು ಇರೋವಾಗ ಕ್ಷಮೆ ಕೇಳೋಕೆ ಬಾಯಿ ಬರಲಿಲ್ಲ. ಮಣ್ಣಿಗೆ ಹಾಡಿ ಬಂದೆ. ಈಗ ನಿನ್ನ ಹತ್ರ ಕೇಳ್ತಿದೀನಿ." ಆಮೇಲೆ ಅಂದರು, "ನುಡಿಸೋಕೆ ನೀನೇ ಬೇಕು ಅಂತ ಪಾಲಕರ ಹತ್ರ ಹಟ ಮಾಡಿದೋಳು ನಾನು. ಭಾನುವಾರ ಎರಡು ಮನೆ ಇಳಿಸ್ತೀಯೋ, ಅವತ್ತು ನಾನು ಮಾಡಿದ ಹಾಗೆ ನಾಲ್ಕು ಮನೆ ಏರಿಸ್ತೀಯೋ, ಅದು ನಿನ್ನ ಕೈಲಿದೆ. ನೀನು ಎಲ್ಲಿ ಹಿಡಿದ್ರೂ ನಾನು ಹಾಡ್ತೀನಿ."

ಮಗುವಿಗೆ ಹಸಿವು ಎಂದು ಕಸಿದುಕೊಂಡು ಒಳಗೆ ಹೋದೆ. ಕುತ್ತಿಗೆಯನ್ನು ತಾವೇ ಚಾಚಿಕೊಂಡು ಬಂದು ಕೂತವರನ್ನು ಏನು ಮಾಡುವುದು ಅಕ್ಕಾ? ಅದರ ಮೇಲೂ ನನಗೆ ಸಿಟ್ಟಿದೆ. ನನ್ನ ಸೇಡಿನ ರುಚಿಯನ್ನೂ ಕದ್ದುಬಿಟ್ಟರು.

ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತ ಇನ್ನೊಂದು ಮಾತಂದರು. ನಿಮ್ಮಕ್ಕನಿಗೆ ಮದುವೆಗೆ ಮುಂಚೆನೇ ಎಲ್ಲಾ ಹೇಳಿದ್ದೆ, ಅವಳು ತಿಳಿದೇ ನಮ್ಮ ಮನೆಗೆ ಬಂದಿದ್ದು ಅಂತ.

ನಿನಗೆ ಗೊತ್ತಿತ್ತು. ಕೈತಪ್ಪಿ ಆಗಿರತ್ತೆ ಎಂದು ನನಗೆ ಹೇಳುವಾಗಲೆಲ್ಲ ಗೊತ್ತಿತ್ತು. ಅದಕ್ಕೇ ಇಷ್ಟುದ್ದ, ನಿನಗೇನೂ ತಿಳಿಯದು ಎಂಬಂತೆ, ಆರ್ಗನ್ ಮನೆಗಳ ಲೆಕ್ಕವನ್ನೆಲ್ಲ ಬಿಡಿಸಿ ಬರೆದೆ. ಓದುವಾಗ ನಿನ್ನ ಕೈ ನಡುಗಲಿ ಎಂದು. ನಡುಗಿರಬೇಕು. ಯಾರಿಗಾದರೂ ಸೂಜಿ ಚುಚ್ಚುವುದಿದ್ದರೆ ಸ್ವಲ್ಪ ತಡೆದು ಚುಚ್ಚು.

ಆದರೆ ಗುರುವಾರದಿಂದ ನನ್ನನ್ನು ಕೊರೆಯುತ್ತಿರುವುದು ಅದಲ್ಲ. ಪ್ರತಿ ಭಾನುವಾರ ನೀನು ಅವರ ಪಕ್ಕ ನಿಂತು ಹಾಡುವಾಗ ನಾನು ಆರ್ಗನ್ ಹಿಂದಿನಿಂದ ನಿನ್ನ ಮುಖ ನೋಡುತ್ತೇನೆ. ಆ ಮುಖದಲ್ಲಿ ನಾಟಕವಿಲ್ಲ. ನನ್ನ ಕುರ್ಚಿಯ ಹಿಂದೆ ನಿಲ್ಲುವವನು ಅಲ್ಲಿ ನಿನ್ನ ಪಕ್ಕದಲ್ಲೂ ನಿಂತಿರುತ್ತಾನೆ, ನನಗೆ ಕಾಣುತ್ತದೆ. ಎಲ್ಲ ತಿಳಿದೂ ಒಂದೇ ಸೂರಿನ ಕೆಳಗೆ, ಒಂದೇ ಪುಸ್ತಕ ಹಿಡಿದು, ನೀನು ಹೇಗೆ ಹಾಡಿದೆ? ಮೊದಲ ದಿನ ಹೇಗೆ ಬಾಯಿ ತೆರೆದೆ? ಅದನ್ನು ಹೇಳು. ಪ್ರಸಂಗ ಬೇಡ, ಪಾಲಕರಿದ್ದಾರೆ ಅದಕ್ಕೆ. ನೀನು ಏನು ಮಾಡಿದೆ, ಅಷ್ಟೇ ಹೇಳು. ಇಲ್ಲವಾದರೆ ನನ್ನ ಕೈಗೆ ಬರುವುದು ಆ ನಾಲ್ಕು ಮನೆ ಮಾತ್ರ.

ಇವರು ಬಾಗಿಲಲ್ಲಿ ನಿಂತು ಬ್ರೆಡ್ ಆರಿಹೋಗತ್ತೆ ಅನ್ನುತ್ತಿದ್ದಾರೆ. ಫೋನನ್ನು ತೊಟ್ಟಿಲಿಗೇ ಒರಗಿಸಿಟ್ಟಿದ್ದೇನೆ, ಮಗು ಎದ್ದರೆ ಎದ್ದುಕೊಳ್ಳಲಿ. ಮೇಲಿನ ಸಿಸ್ಟರ್ ಏನು ಬೇಕಾದರೂ ಅನ್ನಲಿ, ವಾರ್ಡಿನ ಫೋನಿನಿಂದಲೇ ಮಾಡು. ಬೈಯುವುದಕ್ಕಾದರೂ ಮಾಡು. ಬೆಳಗಾಗುವುದರೊಳಗೆ ಮಾಡು ಅಕ್ಕಾ, ನಿನ್ನ ಕಾಲಿಗೆ ಬೀಳುತ್ತೇನೆ.